ಮತ್ತದೇ ಕಥೆನಾ?

ತೆಲಂಗಾಣದ ಮಾಗನೂರಿನ ಹೋಟೆಲಿನಲ್ಲಿ ಬೆಳಗ್ಗೆ ಕೂತವರನ್ನು ನೀವು ನೋಡಬೇಕು. ಅದೇ ವಗ್ಗರಣೆ, ಅದೇ ಮಿರ್ಚಿ, ಅದೇ ಹತ್ತಿ ದರದ ಮಾತು, ಹೋದ ವರ್ಷದ ಅದೇ ಪಂಚಾಯ್ತಿ ಜಗಳ. ಹೇಳಿದವರೇ ಹೇಳುತ್ತಾರೆ, ಕೇಳಿದವರೇ ಕೇಳುತ್ತಾರೆ. "ಹಳೇದಾಯ್ತು ಬಿಡೋ" ಅನ್ನುವ ಗಂಡಸು ಒಬ್ಬನೂ ಇಲ್ಲ. ಇದೇ ಮಹನೀಯರು ಮನೆಗೆ ಬಂದು, ಎರಡನೇ ಕ್ಲಾಸಿನ ಮೊಮ್ಮಗ ನಿನ್ನೆಯ ಕಥೆಪುಸ್ತಕವನ್ನೇ ಹಿಡಿದು ಕೂತದ್ದು ಕಂಡರೆ ಸಾಕು, ಕೆಂಡವಾಗುತ್ತಾರೆ: "ಎಷ್ಟ್ ಸಲ ಅದನ್ನೇ ಓದ್ತಿಯೋ ತಮ್ಮಾ? ಬ್ಯಾರೆ ಏನೂ ಸಿಗಲಿಲ್ಲೇನು?"

ಸಿಗಲಿಲ್ಲ ತಾತ, ನಿಜವಾಗಿಯೂ ಸಿಗಲಿಲ್ಲ. ಹೊಳೆ ದಾಟಿ ರಾಯಚೂರಿಗೆ ಹೋದ ನಿಮ್ಮ ಚೀಲದಲ್ಲಿ ಹತ್ತಿಬೀಜದ ಪಾಕೀಟು ಬರುತ್ತದೆ, ಔಷಧಿ ಡಬ್ಬಿ ಬರುತ್ತದೆ, ಕಥೆಪುಸ್ತಕ ಎಂದಾದರೂ ಬಂದಿದೆಯೇ?

ತಾತನ ಎರಡನೇ ಆರೋಪ ಇನ್ನೂ ಗಟ್ಟಿ. "ಅವ ಓದಾಂಗಿಲ್ಲ, ಬಾಯಿಪಾಠ ಒಪ್ಪಸ್ತಾನ." ಹುಡುಗನ ಕಣ್ಣು ಅಂಗಳದ ಕೋಳಿ ಮೇಲೆ, ಬಾಯಿ ಮಾತ್ರ ಪುಸ್ತಕದಲ್ಲಿ, ಸಾಕ್ಷಿ ಬೇರೆ ಬೇಕೇ? ಅರ್ಧ ಒಪ್ಪೋಣ. ಆದರೆ ಬಯಲಾಟದ ತಾಲೀಮಿನಲ್ಲಿ ಅಕ್ಷರ ಬಾರದ ತಾತನೇ ಮಾಸ್ತರ ಹೇಳಿಕೊಟ್ಟದ್ದನ್ನು ತಿಂಗಳುಗಟ್ಟಲೆ ತಿರುವಿ ಹಾಕಿ ದುರ್ಯೋಧನನಾಗಿ ಮೀಸೆ ತಿರುವಿದ್ದು ಯಾವ ಲೆಕ್ಕ? ಮಾತು ನಾಲಿಗೆಗೆ ಒಗ್ಗಿದ ಮೇಲೆ ತಾನೇ ಗದೆ ಬೀಸಲು ಕೈಗೆ ಪುರುಸೊತ್ತು ಸಿಕ್ಕಿದ್ದು!

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜೇ ಸ್ಯಾಮ್ಯುಯೆಲ್ಸ್ ಎಂಬವರು 1979ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ, ಗದೆಯೊಂದನ್ನು ಬಿಟ್ಟು. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ 50ರಿಂದ 200 ಪದಗಳ ತುಣುಕು ಕೊಟ್ಟು, ಸರಾಗವಾಗುವ ತನಕ ಅದನ್ನೇ ಓದಿಸಿದರು. ಸೋಜಿಗ ಆಮೇಲಿನದು: ಹೊಸ ತುಣುಕು ಕೊಟ್ಟಾಗ ಮೊದಲ ಓದೇ ಹಿಂದಿನದಕ್ಕಿಂತ ಚುರುಕು, ಸುತ್ತುಗಳೂ ಕಡಿಮೆ ಸಾಕಾದವು. ಅಕ್ಷರ ಬಿಡಿಸುವುದರಲ್ಲೇ ದಣಿಯದ ಮಗುವಿಗೆ ಅರ್ಥದ ಕಡೆ ಗಮನ ಕೊಡಲು ತ್ರಾಣ ಉಳಿಯುತ್ತದೆ, ಅಷ್ಟೇ ಗುಟ್ಟು. ಅವರು ನಿಮಿಷಕ್ಕೆ 85 ಪದ ಎಂಬ ಗುರಿ ಇಟ್ಟಿದ್ದರು. ಅದನ್ನು ಇಲ್ಲಿಗೆ ತರಬೇಡಿ, ದಮ್ಮಯ್ಯ! ಅವರದು ಇಂಗ್ಲಿಷ್. ನಮ್ಮಲ್ಲಿ "ಓಡಿಹೋಗಿಬಿಟ್ಟಿದ್ದನಂತೆ" ಅಂದರೂ ಒಂದೇ ಪದ. ಎಣಿಸುವ ಮೇಷ್ಟ್ರಿಗೇ ಉಬ್ಬಸ.

ಕನ್ನಡದ ಮಗುವಿಗೆ ಇನ್ನೊಂದು ಹೊರೆಯಿದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಅಕ್ಷರಗಳ ದಂಡೇ ಆಗುತ್ತದೆ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲೇ ಹೇಳಿದ್ದಾರೆ: ಈ ಅಕ್ಷರಜ್ಞಾನ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಇಲ್ಲಿ ಮಾಗನೂರು, ಕೃಷ್ಣಾ, ಮಕ್ತಲ್ ಕಡೆಯ ಕನ್ನಡ ಶಾಲೆಯ ಮಕ್ಕಳಿಗೆ ತೆಲುಗೂ ಬೇಕು. 2018ರಲ್ಲಿ ತೆಲಂಗಾಣ ಕಾನೂನನ್ನೇ ಮಾಡಿದೆ. ತಲೆಕಟ್ಟು ಒಂದು ಚೂರು ಅತ್ತಿತ್ತ ಆದರೆ ಲಿಪಿಯೇ ಬದಲು! ಇಂಥಲ್ಲಿ "ಅಕ್ಕ", "ಬೆಕ್ಕು" ಒಂದೇ ಪುಟದಲ್ಲಿ ಹತ್ತು ಸಲ ಎದುರಾದರೆ ಲಾಭವೇ ಹೊರತು ನಷ್ಟವೇನು?

ಹಾಗಂತ ಪುಸ್ತಕ ಎಸೆದು ದೂರ ಕೂತರೆ ಆಗದು. ಮೊದಲು ದೊಡ್ಡವರು ಓದಬೇಕು, ಆಮೇಲೆ ಜೊತೆಯಾಗಿ, ಆಮೇಲೆ ಅವನೊಬ್ಬನೇ. ಬೆರಳು ಅಕ್ಷರದ ಕೆಳಗೇ ಸರಿಯಬೇಕು. ಬೆರಳಿದ್ದರೆ ಕೋಳಿ ಕಡೆ ನೋಡಲಾಗದು. ಹೊಸ ಕಥೆ ಬೇಕೇ ಬೇಕೆಂದರೆ, ತಾತನ ಜೇಬಿನಲ್ಲಿ ರೀಲ್ಸ್ ಆಡುವ ಫೋನಿದೆಯಲ್ಲ, ಪ್ರಥಮ್ ಬುಕ್ಸ್‌ನವರು 2015ರಿಂದ ನಡೆಸುತ್ತಿರುವ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ. ಆದರೆ ಫೋನು ಕೊಡಬೇಕಲ್ಲ! ಅಲ್ಲಿಗೆ ಚರ್ಚೆ ಮುಗಿಯುತ್ತದೆ.

"ನನಗೆ ಕನ್ನಡ ಓದಾಕ ಬರಾಂಗಿಲ್ಲ, ನಾನೇನು ಹೇಳಿಕೊಡ್ಲಿ" ಅನ್ನುವ ಅವ್ವಂದಿರೂ ಉಂಟು. ಕೇಳಿದರೆ ಸಾಕವ್ವ. ಜೋಳ ಹಸನು ಮಾಡುತ್ತ ನಾಲ್ಕು ದಿನ ಅದೇ ಕಥೆ ಕೇಳಿದ ಮುದುಕಿಯೊಬ್ಬಳು ಮೊಮ್ಮಗನನ್ನು ಹಿಡಿದೇಬಿಟ್ಟಳು: "ನಿಲ್ಲೋ! ನಿನ್ನೆ ನರಿ ಹೊಳಿ ದಾಟಿದ ಮ್ಯಾಲೆ ಅಲ್ಲೇನು ಕಬ್ಬು ತಿಂದದ್ದು? ಇವತ್ತ ಈ ದಂಡ್ಯಾಗೇ ತಿನ್ನಾಕತ್ತೈತಿ!" ಹುಡುಗ ನಾಲಿಗೆ ಕಚ್ಚಿಕೊಂಡು, ಅಂಟಿಕೊಂಡಿದ್ದ ಎರಡು ಹಾಳೆ ಬಿಡಿಸಿ, ನರಿಯನ್ನು ಮತ್ತೆ ನೀರಿಗಿಳಿಸಿದ.