ಆ್ಯಪಿಗೆ ಅಡ್ಡಬಿದ್ದು, ಆಟೊಗೆ ಚೌಕಾಸಿ

ಅಗ್ಗದ ಪ್ರಯಾಣಶಾಸ್ತ್ರದ ಮೂಲಪುರುಷರು ಪಾಂಡವರು. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತ. ಲಾಡ್ಜಿಲ್ಲ, ಬುಕಿಂಗಿಲ್ಲ, ಸಾಮಾನೆಲ್ಲ ಬೆನ್ನ ಮೇಲೆ. ಗಾಂಡೀವ, ಗದೆ ಹೊತ್ತು ವಿರಾಟನಗರದೊಳಕ್ಕೆ ಕಾಲಿಟ್ಟರೆ ಗುರುತು ಸಿಕ್ಕಿಬೀಳುತ್ತದೆಂದು ಎಲ್ಲವನ್ನೂ ಊರಾಚೆಯ ಬನ್ನಿಮರದಲ್ಲಿ ಕಟ್ಟಿಟ್ಟರು. ಯಾರೂ ಹತ್ತಿರ ಸುಳಿಯದಿರಲೆಂದು ಜೊತೆಗೊಂದು ಹೆಣವನ್ನೂ ತೂಗುಹಾಕಿದರು. ಲಗೇಜು ವರ್ಷವಿಡೀ ಭದ್ರ, ಕ್ಲೋಕ್‌ರೂಮಿನ ಬಾಡಿಗೆ ಸೊನ್ನೆ. ಆ ಮರದ ಪೂಜೆಗೆಂದೇ ಇರುವ ಜಾಗ ಮೈಸೂರಿನ ಬನ್ನಿಮಂಟಪ. ವಿಜಯದಶಮಿಯಂದು ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು ಐದು ಕಿ.ಮೀ. ನಡೆದು ಮುಗಿಯುವುದು ಇಲ್ಲೇ. ಆ ಸಂಜೆ ಪಾಂಡವರೇ ಆಯುಧ ಇಳಿಸಿಕೊಳ್ಳಲು ಬಂದರೂ ಗೇಟಿನಲ್ಲಿ ಕೇಳುವುದು ಒಂದೇ ಮಾತು: "ಪಾಸ್ ಎಲ್ರೀ?" 2025ರ ದರದಂತೆ ಅಲ್ಲಿ ನಡೆಯುವ ಪಂಜಿನ ಕವಾಯತಿಗೆ ತಲೆಗೆ 1500 ರೂಪಾಯಿ. ದ್ರೌಪದಿಯೂ ಸೇರಿ ಆರು ಜನಕ್ಕೆ 9000. ಧರ್ಮರಾಯ ಇನ್ನೊಮ್ಮೆ ಜೂಜಾಡಿಯೇ ಹೊಂದಿಸಬೇಕು.

ಅರಮನೆ ಆವರಣದಲ್ಲಿ ಕೂತು ಜಂಬೂಸವಾರಿ ನೋಡಲು 3500. ಎರಡನ್ನೂ ನೋಡಿ ಪುನೀತರಾಗಬೇಕೆಂದರೆ ಗೋಲ್ಡ್ ಕಾರ್ಡ್. 2023ರಲ್ಲಿ 6000 ಇದ್ದದ್ದು ಮರುವರ್ಷವೇ 6500 ಆಯಿತು. ಹಿಂದೆ ಬನ್ನಿಮಂಟಪದ ಮೈದಾನದಲ್ಲಿ ಮಹಾರಾಜರು ಪಂಜಿನ ಬೆಳಕಿನಲ್ಲಿ ಸೇನೆಯ ವಂದನೆ ಸ್ವೀಕರಿಸುತ್ತಿದ್ದರು. ಈಗ ರಾಜ್ಯಪಾಲರು ಸ್ವೀಕರಿಸುತ್ತಾರೆ. ಅರಸೊತ್ತಿಗೆ ಹೋಗಿ ಪ್ರಜಾಪ್ರಭುತ್ವ ಬಂತು, ಪ್ರಭುಗಳಾದ ಪ್ರಜೆಗಳಿಗೆ ದರಪಟ್ಟಿ ಬಂತು.

ಈ ದರಪಟ್ಟಿ ನೋಡಿ ಒಂದಿಷ್ಟೂ ಬೆದರದವನು ನಮ್ಮ ಕಥಾನಾಯಕ, ಬೆಂಗಳೂರಿನ ಬಜೆಟ್ ಬ್ಯಾಕ್‌ಪ್ಯಾಕರ್. ಬೆನ್ನಿಗೆ ಅವನಷ್ಟೇ ಎತ್ತರದ ಚೀಲ, ಚೀಲದ ಪಕ್ಕಕ್ಕೆ ನೇತಾಡುವ ಸ್ಟೀಲ್ ಲೋಟ, ಕಾಲಿಗೆ ಹಿಮಾಲಯಕ್ಕೆಂದು ಕೊಂಡು ಮೈಸೂರಿನ ಹೈವೇ ಸರ್ಕಲ್‌ನಲ್ಲಿ ಸವೆಸುತ್ತಿರುವ ಬೂಟು. ಬಡವನಂತೆ ಕಾಣಲು ಇವನು ಮಾಡಿರುವ ಖರ್ಚಿನಲ್ಲಿ ಬಡವನೊಬ್ಬ ಆರಾಮಾಗಿ ಕಾಶಿಗೆ ಹೋಗಿಬರಬಹುದು. "ದಿನಕ್ಕೆ ಐನೂರು ರೂಪಾಯಿಯಲ್ಲಿ ಭಾರತ ಸುತ್ತುವುದು" ಇವನ ವ್ರತ. ದಸರಾ ಮುಗಿಸಿ ಅದೇ ರಾತ್ರಿ ಹಂಪಿಗೆ ಹೊರಡುವುದು ಸದ್ಯದ ಸಂಕಲ್ಪ.

ಮೈಸೂರಿನಿಂದ ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್ ಎಂಬ ಸಾಕ್ಷಾತ್ ಹೆಸರಿನ ರೈಲೇ ಇದೆ. ಆದರೆ ಹಬ್ಬದ ಹೊತ್ತಿಗೆ ಅದರಲ್ಲಿ ಬರ್ತು ಸಿಗುವುದು ಚಾಮುಂಡಿಯ ವಿಶೇಷ ಅನುಗ್ರಹವಿದ್ದವರಿಗೆ ಮಾತ್ರ. ಉಳಿದದ್ದು ತತ್ಕಾಲ್. ಬೆಳಗ್ಗೆ ಹತ್ತಕ್ಕೆ ಎಸಿ ದರ್ಜೆಯವರ ಬಾಗಿಲು ತೆರೆದರೆ, ಸ್ಲೀಪರ್‌ನವರದ್ದು ಹನ್ನೊಂದಕ್ಕೆ. 2025ರ ಜುಲೈ 1ರಿಂದ ಆಧಾರ್ ಜೋಡಿಸಿದ ಖಾತೆಯಿದ್ದರಷ್ಟೇ ಆನ್‌ಲೈನಿನಲ್ಲಿ ಒಳಗೆ ಪ್ರವೇಶ. ಹನ್ನೊಂದಾಗುತ್ತಿದ್ದಂತೆ ನಮ್ಮ ನಾಯಕನ ಪರದೆಯ ಮೇಲೊಂದು ಚಕ್ರ ತಿರುಗಲು ಶುರುವಾಗುತ್ತದೆ. ಅದು ನಿಂತಾಗ, ಅವನು ಮನುಷ್ಯನೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಸೊಟ್ಟ ಅಕ್ಷರಗಳು ಮೂಡುತ್ತವೆ. ಮನುಷ್ಯನೆಂದು ಸಾಬೀತುಪಡಿಸುವಷ್ಟರಲ್ಲಿ ಸೀಟು ಖಾಲಿ, ವೇಟಿಂಗ್ ಲಿಸ್ಟ್ ಭರ್ತಿ.

ಮೂಲ ದರದ ಮೇಲೆ ಸ್ಲೀಪರ್‌ಗೆ ಕನಿಷ್ಠ 100, ಗರಿಷ್ಠ 200 ರೂಪಾಯಿ ತತ್ಕಾಲ್ ಶುಲ್ಕ. ಮೇಲೆ 'ಅನುಕೂಲ ಶುಲ್ಕ' ಬೇರೆ. ತನ್ನದೇ ಫೋನು, ತನ್ನದೇ ಡೇಟಾ, ತನ್ನದೇ ಬೆವರು. ಅನುಕೂಲವಾದದ್ದು ಯಾರಿಗೆಂದು ಕೇಳುವಂತಿಲ್ಲ. ವೇಟಿಂಗ್ ಲಿಸ್ಟ್ ಕೊನೆಗೂ ಕದಲದೆ ಟಿಕೆಟ್ ತಾನಾಗಿ ರದ್ದಾದರೆ, ಆ ಸಿಗದ ಸೀಟಿನ ಲೆಕ್ಕ ಬರೆದದ್ದಕ್ಕೆ ತಲೆಗೆ 60 ರೂಪಾಯಿ ಕಡಿತ. ಇಡೀ ವ್ಯವಹಾರದಲ್ಲಿ ಕಣ್ಣೀರು ತರಿಸುವಷ್ಟು ಅಗ್ಗವಾಗಿರುವುದು ವಿಮೆ: 45 ಪೈಸೆಗೆ ಹತ್ತು ಲಕ್ಷ. ಪ್ರಯಾಣಿಕ ಬದುಕಿದ್ದರೆ ಸೀಟು ತುಟ್ಟಿ, ಸತ್ತರೆ ಸಲೀಸು. ಸಾಲದ್ದಕ್ಕೆ, ನಿಮ್ಮ ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ರೈಲ್ವೆಗೆ ವಸೂಲಾಗುತ್ತದೆ ಎಂದು ಟಿಕೆಟ್ಟಿನ ಮೇಲೇ ಅಚ್ಚುಹಾಕಿದ್ದೂ ಉಂಟು. ಬಡಿಸುವಾಗಲೇ ಅಕ್ಕಿಯ ರೇಟು ಹೇಳುವ ಮಾವನ ಮನೆ ಇದು.

ದುಬಾರಿ ರೈಲುಗಳ ನೀತಿಯಂತೂ ಇನ್ನೂ ಸೂಕ್ಷ್ಮ. 2016ರ ಸೆಪ್ಟೆಂಬರ್ 9ರಿಂದ ರಾಜಧಾನಿ, ಶತಾಬ್ದಿ, ದುರಂತೋಗಳಲ್ಲಿ ಪ್ರತಿ ಶೇ 10 ಸೀಟು ಭರ್ತಿಯಾದಂತೆಲ್ಲ ಮೂಲ ದರವೂ ಶೇ 10ರಷ್ಟು ಮೇಲೇರುವ ಪದ್ಧತಿ ಬಂತು. ಏರಿಕೆಯ ಮಿತಿ ಆಗ ಒಂದೂವರೆ ಪಟ್ಟು ಇತ್ತು. ಈ ಏಣಿ ಹತ್ತುವ ಕಷ್ಟದಿಂದ ಎರಡು ದರ್ಜೆಗಳಿಗೆ ವಿನಾಯಿತಿ ಸಿಕ್ಕಿತು. ಯಾವುವು? ಎಸಿ ಫಸ್ಟ್ ಕ್ಲಾಸ್ ಮತ್ತು ಎಕ್ಸಿಕ್ಯುಟಿವ್. ತುಸು ಹಣವಿರುವವನಿಗೆ ದರ ಏರುತ್ತದೆ, ತುಂಬ ಹಣವಿರುವವನಿಗೆ ನಿಂತಲ್ಲೇ ನಿಲ್ಲುತ್ತದೆ. ಇದನ್ನು ಅರ್ಥಶಾಸ್ತ್ರ ಎನ್ನುತ್ತಾರೆ. ನಮ್ಮ ಹಳ್ಳಿಯಲ್ಲಿ ಗೌಡರ ಮನೆ ಮುಂದೆ ಧ್ವನಿ ತಗ್ಗಿಸುವುದು ಎನ್ನುತ್ತಾರೆ.

ರೈಲು ಕೈಕೊಟ್ಟಮೇಲೆ ಖಾಸಗಿ ಸ್ಲೀಪರ್ ಬಸ್ಸೇ ಗತಿ. ಮಾಮೂಲಿ ದಿನಗಳಲ್ಲಿ ಕರೆದು ಕೂರಿಸುವ ಬಸ್ಸು ಹಬ್ಬದ ವಾರದಲ್ಲಿ ವಿಮಾನದ ಗತ್ತಿಗೆ ಬರುತ್ತದೆ. ದರ ಹೆಚ್ಚಿಸಿದರೆ ಕಠಿಣ ಕ್ರಮ ಎಂಬ ಎಚ್ಚರಿಕೆ ದಸರಾ, ದೀಪಾವಳಿಗಳಲ್ಲಿ ತಪ್ಪದೆ ಹೊರಡುತ್ತದೆ. ಅದೂ ಹಬ್ಬದ ಒಂದು ಆಚರಣೆಯೇ. ಆದರೆ ಯಾವ ದರಕ್ಕಿಂತ ಹೆಚ್ಚು? ಸರ್ಕಾರ ದರ ಕಟ್ಟುವುದು ಬಿಡಿ ಟಿಕೆಟ್ ಕೊಟ್ಟು ದಾರಿಯುದ್ದಕ್ಕೂ ಹತ್ತಿಸಿ ಇಳಿಸುವ ಸ್ಟೇಜ್ ಕ್ಯಾರೇಜ್ ಬಸ್ಸುಗಳಿಗೆ. ಖಾಸಗಿ ಸ್ಲೀಪರ್‌ಗಳಲ್ಲಿ ಹೆಚ್ಚಿನವು ಓಡುವುದು ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ಟಿನಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಂಥ ಬಸ್ಸು ಒಬ್ಬೊಬ್ಬರಿಗೆ ಬಿಡಿ ಟಿಕೆಟ್ ಮಾರುವ ಹಾಗೇ ಇಲ್ಲ. ಇಡೀ ಗಾಡಿಯನ್ನು ಒಂದು ಗುಂಪು ಗುತ್ತಿಗೆ ಹಿಡಿಯಬೇಕು. ಅಂದರೆ ಆ ರಾತ್ರಿ ಪರದೆ ಎಳೆದುಕೊಂಡು ಮಲಗಿದವರೆಲ್ಲ ಕಾನೂನಿನ ಕಣ್ಣಿಗೆ ಒಂದೇ ಮದುವೆ ದಿಬ್ಬಣದವರು. ಗಂಡು ಯಾರು, ಹೆಣ್ಣು ಯಾರು, ಊಟ ಎಲ್ಲಿ ಎಂಬುದು ಅವರಿಗೇ ಗೊತ್ತಿಲ್ಲ. ಮಾರಲೇಬಾರದ ಟಿಕೆಟ್ಟನ್ನು ನ್ಯಾಯವಾದ ಬೆಲೆಗೆ ಮಾರಿ ಎಂದು ಗದರಿಸುವ ಕೆಲಸ ಸುಲಭವೇನಲ್ಲ.

ದರಕ್ಕೆ ಮೂಗುದಾರ ಹಾಕಲಾಗದು, ಅದೆಲ್ಲ ಮಾರುಕಟ್ಟೆಯ ಲೀಲೆ ಎಂದು ಬುದ್ಧಿವಂತರು ಹೇಳುವುದುಂಟು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಬೇರೆ ವಿಮಾನಗಳ ದರ ಮುಗಿಲು ಮುಟ್ಟಿದಾಗ ಕೇಂದ್ರ ಸರ್ಕಾರ ರಾತ್ರಿ ಬೆಳಗಾಗುವುದರೊಳಗೆ ಮಿತಿ ಹಾಕಿತು: 500 ಕಿ.ಮೀ. ತನಕ 7500 ರೂಪಾಯಿ, ಸಾವಿರದ ತನಕ 12,000. ಮೂಗುದಾರ ಉಗ್ರಾಣದಲ್ಲೇ ಇತ್ತು. ವಿಮಾನ ನಿಲ್ದಾಣದ ನೆಲದ ಮೇಲೆ ಮಲಗಿದವರಿಗಾಗಿ ಅದು ಹೊರಬಂತು. ಬಸ್ ಸ್ಟ್ಯಾಂಡಿನ ನೆಲದ ಮೇಲೆ ಮಲಗುವವರು ಮೊದಲಿನಿಂದ ಅಲ್ಲೇ ಮಲಗುತ್ತಿರುವುದರಿಂದ ಅದು ಬಿಕ್ಕಟ್ಟು ಎನ್ನಿಸಿಕೊಳ್ಳುವುದಿಲ್ಲ.

ಕಥಾನಾಯಕನಿಗೆ ಮರಳೋಣ. ಸ್ಲೀಪರ್ ಬಸ್ಸಿನ ಆ್ಯಪು ಕೇಳಿದಷ್ಟನ್ನೂ ಅವನು ಕೊಟ್ಟ. ಹಬ್ಬದ ದರ ಕೊಟ್ಟ, ಸೀಟು ಆಯ್ದದ್ದಕ್ಕೆ ಕೊಟ್ಟ, ದುಡ್ಡು ಕೊಟ್ಟೇ ಪಡೆಯಬೇಕಾದ 'ಉಚಿತ ರದ್ದತಿ'ಗೂ ಕೊಟ್ಟ. "ಇನ್ನು ಎರಡೇ ಸೀಟು" ಎಂದು ಕೆಂಪಕ್ಷರ ಮಿನುಗಿದಾಗ ಉಸಿರು ಬಿಗಿಹಿಡಿದು ಬೆರಳೊತ್ತಿದ. "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಎಂಬ ಮಾತು ಅವನ ಗಂಟಲಿನವರೆಗೂ ಬರಲಿಲ್ಲ. ಆ ಮಾತು ಬಂದದ್ದು ಮೈಸೂರು ರೈಲು ನಿಲ್ದಾಣದ ಹೊರಗೆ, ಆಟೊದವರ ಮುಂದೆ.

"ಬನ್ನಿಮಂಟಪಕ್ಕೆ ನೂರೈವತ್ತು ಕೊಡಿ ಸಾರ್."

"ಹತ್ರದಲ್ಲೇ ಇದೆ, ಮ್ಯಾಪ್ ನೋಡಿದೀನಿ. ಟೂರಿಸ್ಟ್ ಅಂತ ಸುಲೀತೀರಾ?"

"ಸಯ್ಯಾಜಿರಾವ್ ರೋಡು ಪೂರಾ ಬಂದ್ ಮಾಡವ್ರೆ ಸಾರ್. ಸುತ್ತಾಕ್ಕೊಂಡು ಹೋಗ್ಬೇಕು. ಬರೋವಾಗ ಖಾಲಿ ಬರ್ಬೇಕು."

"ಎಂಬತ್ತು ಕೊಡ್ತೀನಿ, ಲಾಸ್ಟ್."

ಗಮನಿಸಿ: ಆಟೊದವರು ತಮ್ಮ ದರಕ್ಕೆ ಮೂರು ಕಾರಣ ಕೊಟ್ಟರು, ಮೂರೂ ನಿಜ. ಆ್ಯಪು ಒಂದು ಕಾರಣವನ್ನೂ ಕೊಟ್ಟಿರಲಿಲ್ಲ. ಆದರೆ ಆ್ಯಪಿಗೆ ಮುಖವಿಲ್ಲ, ಆದ್ದರಿಂದ ಅದು ಮೋಸ ಮಾಡಲಾರದು ಎಂಬುದು ನಾಯಕನ ದೃಢನಂಬಿಕೆ. ಎಪ್ಪತ್ತು ರೂಪಾಯಿ ಉಳಿಸಿದ ವಿಜಯ ಅವನ ಮೊಗದಲ್ಲಿ ಬೆಳಗುತ್ತದೆ. ಅದೇ ಹುರುಪಿನಲ್ಲಿ ಎಳನೀರಿನವರ ಬಳಿ ಐದು ರೂಪಾಯಿ ಇಳಿಸುತ್ತಾನೆ. ಮೈಸೂರು ಮಲ್ಲಿಗೆಯ ಮೊಳ ಕೊಂಚ ಗಿಡ್ಡವಾಯಿತೆಂದು ಹೂವಿನವರೊಂದಿಗೆ ವಾದಿಸುತ್ತಾನೆ. ಹಾಸ್ಟೆಲಿನ ನೆಲ ಒರೆಸುವ ಹುಡುಗನಿಗೆ ಭಕ್ಷೀಸು ಕೊಡುವುದು ಕೆಟ್ಟ ಅಭ್ಯಾಸ ಕಲಿಸಿದಂತಾಗುತ್ತದೆ ಎಂದು ತತ್ವ ಹೇಳುತ್ತಾನೆ. ನಮ್ಮ ಬಜೆಟ್ ಪ್ರವಾಸದ ಗುಟ್ಟು ಇಷ್ಟೇ. ಮೇಲೆ ಕಳೆದುಕೊಂಡದ್ದನ್ನು ಕೆಳಗೆ ವಸೂಲು ಮಾಡುವುದು.

ವಿದೇಶಿಯರಿಗೂ ಈ ವಿದ್ಯೆಯನ್ನು ನಾವೇ ಕಲಿಸಿದ್ದೇವೆ. ಮೈಸೂರು ಅರಮನೆಯಲ್ಲಿ ಎಲ್ಲರಿಗೂ 100 ಇದ್ದ ಪ್ರವೇಶ ದರ 2024ರ ಅಕ್ಟೋಬರ್ 25ರಿಂದ ವಿದೇಶಿಯರಿಗೆ ಮಾತ್ರ 1000 ಆಯಿತು. ಹಂಪಿಯ ವಿಜಯವಿಠ್ಠಲ ದೇಗುಲದಲ್ಲಿ ನಮಗೆ 40, ಅವರಿಗೆ 600. ತಾಜ್‌ಮಹಲಿನಲ್ಲಿ 50ಕ್ಕೆ ಎದುರಾಗಿ 1100. ಅತಿಥಿಯನ್ನು ದೇವರೆಂದವರು ನಾವು. ಆದ್ದರಿಂದ ಹುಂಡಿ ಹಿಡಿದು ದೇವರ ಮುಂದೆಯೇ ನಿಲ್ಲುತ್ತೇವೆ. ಆ ದೇವರು ಅರಮನೆಯಿಂದ ಹೊರಬಂದು ಮೊದಲು ಮಾಡುವ ಕೆಲಸ, ಟಾಂಗಾದವರೊಂದಿಗೆ ಜಗಳ.

ಇನ್ನು ಅಸಲಿ ಬ್ಯಾಕ್‌ಪ್ಯಾಕರುಗಳನ್ನು ನೋಡಬೇಕೆಂದರೆ ವಿಜಯದಶಮಿಯ ಬೆಳಗ್ಗೆಯೇ ಮೆರವಣಿಗೆಯ ದಾರಿಗೆ ಬರಬೇಕು. ಟಿ. ನರಸೀಪುರ, ನಂಜನಗೂಡು, ಎಚ್.ಡಿ. ಕೋಟೆ ಕಡೆಯಿಂದ ಬಂದವರು ಬಂಬೂಬಜಾರಿನಿಂದ ಹೈವೇ ಸರ್ಕಲ್ ತನಕ ಫುಟ್‌ಪಾತಿನಲ್ಲಿ ಗೋಣಿತಾಟು ಹಾಸಿರುತ್ತಾರೆ. ಬಟ್ಟೆ ಗಂಟಿನಲ್ಲಿ ಬುತ್ತಿ, ಬಾಟಲಿಯಲ್ಲಿ ಬೋರ್‌ವೆಲ್ ನೀರು. ಆನೆ ಬರಲು ಇನ್ನೂ ಏಳೆಂಟು ಗಂಟೆಯಿದ್ದರೂ ಅವಸರವಿಲ್ಲ. ನಮ್ಮ ನಾಯಕ ಕ್ಯಾಮೆರಾ ಹಿಡಿದು ಮುಂದೆ ಬಂದು ನಿಂತಾಗ ಹಿಂದಿನಿಂದ ಅಜ್ಜಿಯೊಬ್ಬಳ ದನಿ ಕೇಳುತ್ತದೆ: "ಮಗಾ, ಆ ಗಂಟು ವಸಿ ಇಳ್ಸು. ಆನೆ ಕಾಣಾಕಿಲ್ಲ." ಐವತ್ತು ಲೀಟರಿನ ಚೀಲಕ್ಕೆ ಇಷ್ಟು ಸರಿಯಾದ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಅಜ್ಜಿ ಬಂದದ್ದು 'ಶಕ್ತಿ' ಯೋಜನೆಯ ಬಸ್ಸಿನಲ್ಲಿ, ಆಧಾರ್ ತೋರಿಸಿ, ಶೂನ್ಯ ಟಿಕೆಟ್ಟಿನಲ್ಲಿ. ಅದರಂತೆ 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಇದನ್ನು ಕೇಳಿದ್ದೇ ನಾಯಕನೊಳಗಿನ ತೆರಿಗೆದಾರ ಎದ್ದು ಕೂರುತ್ತಾನೆ. "ಬಿಟ್ಟಿ ಕೊಟ್ಟು ಕೊಟ್ಟು ದೇಶ ಹಾಳಾಯ್ತು." ಒಪ್ಪೋಣ. ಆದರೆ ಅದೇ ಸಂಜೆ ಬನ್ನಿಮಂಟಪದ ಗ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕುರ್ಚಿಗಳಲ್ಲಿ ಕೂತವರ ಕಡೆಗೂ ಅವನು ಒಮ್ಮೆ ತಿರುಗಬೇಕಿತ್ತು. ಗಣ್ಯರು, ಗಣ್ಯರ ಬಂಧುಗಳು, ಬಂಧುಗಳ ಪಕ್ಕದ ಮನೆಯವರು. ಅವರು ಗೋಲ್ಡ್ ಕಾರ್ಡ್ ಕೊಂಡವರಲ್ಲ, ಪಾಸು ಮನೆಗೇ ಬಂದವರು. ಅವರ ಟಿಕೆಟ್ಟಿನ ಬೆಲೆಯೂ ಸೊನ್ನೆಯೇ. ಮೇಲಿನ ಸೊನ್ನೆಗೆ ಗೌರವ ಪಾಸು ಎಂದು ಹೆಸರು, ಕೆಳಗಿನ ಸೊನ್ನೆಗೆ ಬಿಟ್ಟಿ ಭಾಗ್ಯ. ನಡುವೆ ಸಿಕ್ಕಿಕೊಂಡ ನಮ್ಮ ನಾಯಕ 1500 ತೆತ್ತು, ತನ್ನ ದುಡ್ಡು ತಿಂದವಳು ಆ ಅಜ್ಜಿಯೇ ಎಂದು ಲೆಕ್ಕ ಹಾಕುತ್ತಾನೆ.

ಹೀಗಿರುವಾಗ ಮುಂದಿನ ದಸರೆಗೆ ಒಂದು ಸಲಹೆ. ದರ ಇಳಿಸಿ ಎಂದು ಸರ್ಕಾರವನ್ನು ಕೇಳುವುದು ಬೇಡ, ಇಳಿಯುವ ಲಕ್ಷಣವಿಲ್ಲ. ಬದಲಿಗೆ ಬನ್ನಿಮಂಟಪದ ಮೈದಾನದ ಹೊರಗಿನ ಚುರುಮುರಿಯವರಿಗೆ ಆಧುನಿಕ ವ್ಯಾಪಾರದ ತರಬೇತಿ ಕೊಡಿಸಿ. ಕೈಗಾಡಿಗೆ ಒಂದು ಪರದೆ ಕಟ್ಟಲಿ. ಪೊಟ್ಟಣದ ಮೂಲ ದರ 30. ಪ್ರತಿ ಹತ್ತು ಪೊಟ್ಟಣ ಖರ್ಚಾದಂತೆ ಶೇ 10 ಏರಿಕೆ. ಈರುಳ್ಳಿ ಆಯ್ಕೆ ಶುಲ್ಕ ಪ್ರತ್ಯೇಕ, ನಿಂಬೆಹುಳಿಗೆ ತತ್ಕಾಲ್. ಖಾರ ಹೆಚ್ಚಾಯಿತೆಂದು ವಾಪಸು ಕೊಟ್ಟರೆ ಹಣ ಮರಳುವುದಿಲ್ಲ. ಕೊನೆಯಲ್ಲಿ ಕೆಂಪಕ್ಷರದಲ್ಲಿ ಒಂದು ಸಾಲು: "ಒಂದೇ ಪೊಟ್ಟಣ ಬಾಕಿ. ಹದಿನೇಳು ಮಂದಿ ಇದನ್ನೇ ನೋಡುತ್ತಿದ್ದಾರೆ."

ಮೂವತ್ತರ ಚುರುಮುರಿಗೆ ಇಪ್ಪತ್ತೈದು ಕೊಡ್ತೀನಿ ಎಂದು ಹಟ ಹಿಡಿಯುತ್ತಿದ್ದ ಮಹರಾಯ ನೂರಿಪ್ಪತ್ತು ಕೊಟ್ಟು, ಐದು ನಕ್ಷತ್ರವನ್ನೂ ಒತ್ತಿ, ಅನುಕೂಲ ಶುಲ್ಕವೂ ಸೇರಿದೆಯೇ ಎಂದು ವಿನಯದಿಂದ ವಿಚಾರಿಸಿಕೊಂಡು ಹೋಗುತ್ತಾನೆ.