ಆಂಗ್ಲದಂಡಾರ್ಥದೀಪಿಕೆ: ಬಾಗಲೂರು ಖಂಡ

ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಮೊದಲು ವಿಷಯ, ಬಳಿಕ ಸಂಶಯ, ಆಮೇಲೆ ಪೂರ್ವಪಕ್ಷ, ಕಡೆಗೆ ಸಿದ್ಧಾಂತ. ವಿಷಯ ಇದು: ಇಂಗ್ಲಿಷರ ಬಳಿ ಕೋಲಿಗೆ ಹೆಸರುಗಳು ಬಹಳ. ರಾಡು, ಪೋಲು, ಪರ್ಚು, ಸ್ಟಾಫು, ಬಾರು, ಪೋಸ್ಟು, ಮಾಸ್ಟು, ಸ್ಟಿಕ್ಕು, ಸ್ಟಾಕು. ಕೈಯಲ್ಲಿ ಹಿಡಿಯಲು, ನೆಲಕ್ಕೆ ನೆಡಲು, ದಾರಿಗೆ ಅಡ್ಡ ಕಟ್ಟಲು ಒಂದು ಕಾಲಕ್ಕೆ ಅವರಿಗೆ ಒದಗಿದ ಮರದ ತುಂಡುಗಳೇ ಇವೆಲ್ಲ. ಇವುಗಳಲ್ಲಿ ಹೆಚ್ಚಿನವು ಈಗ ಬೆಂಗಳೂರು ಉತ್ತರದ ಜಾಲ ಹೋಬಳಿಯ ಬಾಗಲೂರಿಗೆ ಬಂದು ಬಿಡಾರ ಹೂಡಿವೆ. ಸಂಶಯ ಇದು: ಬಂದವುಗಳಲ್ಲಿ ಒಂದಾದರೂ ಇಲ್ಲಿ ಕೋಲಿನ ಕೆಲಸ ಮಾಡುತ್ತಿದೆಯೆ?

ಪೂರ್ವಪಕ್ಷ ಊರಿನ ಯಜಮಾನರೊಬ್ಬರದು. ಅರಳಿಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿದ್ದ ದೊಣ್ಣೆಯನ್ನು ತೋರಿಸಿ ಅವರು ಹೇಳಿದ್ದು: "ಕೋಲಿಗೆ ಕೋಲು ಅಂತ ಇರೋವಾಗ ಅದಕ್ಯಾಕ್ ಸ್ವಾಮಿ ಇಂಗ್ಲೀಸು? ನಾಯಿ ಓಡ್ಸೋಕೆ ಇದು ಸಾಲ್ದಾ?" ವಾದ ಬಲವಾಗಿದೆ. ಒಪ್ಪಿಬಿಟ್ಟರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆಯಾದ್ದರಿಂದ ಅದನ್ನು ತಳ್ಳಿಹಾಕಲಾಗಿದೆ.

ಮೊದಲು ಕ್ಷೇತ್ರನಿರ್ಣಯ ಆಗಬೇಕು. ನಾವು ಹೇಳುತ್ತಿರುವುದು ಹೊಸೂರಿನ ಹತ್ತಿರ ತಮಿಳುನಾಡಿಗೆ ಸೇರಿದ ಬಾಗಲೂರನ್ನಲ್ಲ. ಲಿಂಗರಾಜಪುರದ ಕಡೆಯ ಬಾಗಲೂರು ಲೇಔಟನ್ನೂ ಅಲ್ಲ. ಬಳ್ಳಾರಿ ರಸ್ತೆಯ ಬಾಗಲೂರು ಕ್ರಾಸನ್ನಂತೂ ಅಲ್ಲವೇ ಅಲ್ಲ. ಕ್ರಾಸ್ ಎಂದರೆ ಮೂಲದಲ್ಲಿ ಎರಡು ಕೋಲುಗಳನ್ನು ಅಡ್ಡಡ್ಡ ಕಟ್ಟಿದ್ದು. ಬೆಂಗಳೂರಿನಲ್ಲಿ ಅದಕ್ಕೆ ಅರ್ಥ 'ಇಲ್ಲಿ ಇಳಿಯಿರಿ, ನೀವು ಹೋಗಬೇಕಾದ ಊರು ಇನ್ನೂ ದೂರ ಇದೆ' ಎಂದು. ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮೆಟ್ರೋದ ಪಟ್ಟಿಯಲ್ಲೂ ಬಾಗಲೂರು ಕ್ರಾಸ್ ಇದೆ, ಬಾಗಲೂರು ಇಲ್ಲ.

ಈಗ ಸ್ಟಾಫು. ಹಳೆಯ ಇಂಗ್ಲಿಷಿನಲ್ಲಿ ಇದು ಊರುಗೋಲು. ಕುರಿ ಕಾಯುವವನ ಕೈಯಲ್ಲಿತ್ತು, ಬಿಷಪ್ಪನ ಕೈಗೆ ಹೋಯಿತು, ಅಧಿಕಾರದ ಗುರುತಾಯಿತು. ಸೇನಾಪತಿಯ ಸುತ್ತ ನಿಂತ ಅಧಿಕಾರಿಗಳು ಸ್ಟಾಫ್ ಎನಿಸಿಕೊಂಡರು. ಕಾಲಕ್ರಮದಲ್ಲಿ ಸಂಬಳ ತೆಗೆದುಕೊಳ್ಳುವ ಎಲ್ಲರೂ ಸ್ಟಾಫ್. ಇದರಲ್ಲಿ ನಾವು ಆಶ್ಚರ್ಯಪಡುವಂಥದೇನೂ ಇಲ್ಲ. ನಮ್ಮ ದಂಡವೂ ಇದೇ ದಾರಿ ಹಿಡಿದದ್ದು. ಕೋಲಾಗಿದ್ದ ದಂಡ ಶಿಕ್ಷೆಯಾಯಿತು, ಕೋರ್ಟಿನಲ್ಲಿ ಕಟ್ಟುವ ದುಡ್ಡಾಯಿತು, ಕಡೆಗೆ ಆ ದುಡ್ಡು ಶುದ್ಧ ದಂಡವಾಯಿತು. ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ಸೈನ್ಯವೂ ಆಯಿತು. ರೈಲ್ವೆಯವರು ಕಂಟೋನ್ಮೆಂಟ್ ನಿಲ್ದಾಣದ ಹಲಗೆಯ ಮೇಲೆ 'ಬೆಂಗಳೂರು ದಂಡು' ಎಂದು ಬರೆಸಿರುವುದು ಇದಕ್ಕೆ ಪ್ರಮಾಣ.

ಆದರೆ ಬಾಗಲೂರು ದಾರಿಯಲ್ಲಿ ಸ್ಟಾಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯಲಹಂಕದಿಂದ ಹೊರಟ ಬಿಎಂಟಿಸಿ ಬಸ್ಸಿನಲ್ಲಿ ಬೆಳಗಿನ ಹೊತ್ತು ಕಂಬಿ ಹಿಡಿದು ನಿಂತು ನೋಡಿ. ಕಂಡಕ್ಟರ್ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು, ಟಿಕೆಟ್ ಮೆಷೀನನ್ನು ತಲೆಯ ಮೇಲೆತ್ತಿ, "ಯಾರ್ರೀ ಟಿಕೆಟ್, ಒಳಗ್ ನಡೀರಿ" ಎನ್ನುತ್ತಾ ಬರುತ್ತಾರೆ. ಹೆಂಗಸರು ಆಧಾರ್ ತೋರಿಸುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಅವರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಕಾಲೇಜಿನ ಹುಡುಗ ಪಾಸು ತೋರಿಸುತ್ತಾನೆ. ಒಬ್ಬ ಇನ್ನೂರರ ನೋಟು ಚಾಚಿ ಬೈಸಿಕೊಳ್ಳುತ್ತಾನೆ. ಹಿಂದಿನ ಬಾಗಿಲ ಬಳಿ ಖಾಕಿಯ ಮೇಲೆ ಸ್ವೆಟರ್ ಏರಿಸಿದ ಒಬ್ಬರು, ಕಿಟಕಿಯಿಂದ ಮುಖವನ್ನೂ ತಿರುಗಿಸದೆ, "ಸ್ಟಾಫ್" ಅನ್ನುತ್ತಾರೆ. ಕಂಡಕ್ಟರ್ ಮುಂದಕ್ಕೆ ಹೋಗುತ್ತಾರೆ. ಆ ಮಾತಿಗೆ ಕರ್ತೃಪದವಿಲ್ಲ, ಕ್ರಿಯಾಪದವಿಲ್ಲ, ವಿಭಕ್ತಿಯಿಲ್ಲ; ಫಲ ಮಾತ್ರ ಇದೆ. ಆದ್ದರಿಂದ ಇದು ಶಬ್ದವಲ್ಲ, ಮಂತ್ರ. ಮಂತ್ರಕ್ಕೆ ಅನುವಾದ ಹಿಡಿಸುವುದಿಲ್ಲ. ಅನುಮಾನವಿದ್ದವರು ಅದೇ ಬಸ್ಸಿನಲ್ಲಿ "ಊರುಗೋಲು" ಎಂದು ಹೇಳಿ ನೋಡಬಹುದು.

ಬಾರಿನ ಪ್ರಕರಣ ಹೆಚ್ಚು ಸಂಕೀರ್ಣ, ಪಂಡಿತರೂ ಇಲ್ಲಿ ಹೆಚ್ಚು ಹೊತ್ತು ಕೂರುತ್ತಾರೆ. ಬಾರ್ ಎಂದರೆ ಅಡ್ಡಗೋಲು. ಇಂಗ್ಲೆಂಡಿನ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶರಿಗೂ ಜನಕ್ಕೂ ನಡುವೆ ಒಂದು ಅಡ್ಡ ಇತ್ತು. ಅಲ್ಲಿಗೆ ಬಂದು ವಾದಿಸುವ ಹಕ್ಕು ಪಡೆದವರ ಕೂಟವೇ ಬಾರ್. ಪಾನಗೃಹದಲ್ಲಿ ಪೀಪಾಯಿಗೂ ಗಿರಾಕಿಗೂ ನಡುವೆ ಇನ್ನೊಂದು ಅಡ್ಡ, ಅದೂ ಬಾರ್. ಎರಡಕ್ಕೂ ಇರುವ ಸಾಮ್ಯವನ್ನು ಯಾವ ನಿಘಂಟೂ ಎತ್ತಿ ಹೇಳಿಲ್ಲ: ಎರಡು ಕಡೆಯೂ ದುಡ್ಡು ಈಚೆಯಿಂದ ಆಚೆಗೆ ಧಾರಾಳವಾಗಿ ಹೋಗುತ್ತದೆ, ಆಚೆಯಿಂದ ಬರುವುದನ್ನು ಅಳೆದು ಕೊಡುತ್ತಾರೆ. ನಮ್ಮ ಅಬಕಾರಿ ಇಲಾಖೆ ಕೂತು ಕುಡಿಯುವ ಬಾರಿಗೆ ಕೊಡುವ ಸನ್ನದು ಸಿಎಲ್-9, ಕೊಂಡು ಎದ್ದುಹೋಗಬೇಕಾದ ಅಂಗಡಿಗೆ ಸಿಎಲ್-2. ಅಡ್ಡಗೋಲು ಎರಡರಲ್ಲೂ ಇದೆ. ಸಿಎಲ್-2ರಲ್ಲಿ ಅದು ಕಬ್ಬಿಣದ ಜಾಲರಿಯ ವೇಷದಲ್ಲಿದೆ. ಆದರೂ ಅದನ್ನು ಯಾರೂ ಬಾರ್ ಎನ್ನುವುದಿಲ್ಲ, ವೈನ್ ಶಾಪ್ ಅನ್ನುತ್ತಾರೆ. ಅಲ್ಲಿ ವೈನ್ ಕೇಳುವವರೂ ಕಡಿಮೆ.

ಇಲ್ಲಿ ಒಬ್ಬ ಪಂಡಿತರ ಮತವನ್ನು ಖಂಡಿಸುವುದು ಕರ್ತವ್ಯ. ಎತ್ತು ಹೊಡೆಯುವ ಬಾರುಕೋಲಿನಲ್ಲಿ ಬಾರು ಎಂದರೂ ಕೋಲು, ಕೋಲು ಎಂದರೂ ಕೋಲು. ಆದ್ದರಿಂದ ಅದು 'ಗೇಟುಬಾಗಿಲು', 'ನಡುಸೆಂಟರು' ಜಾತಿಯ ಜೋಡುಪದ ಎಂದು ಅವರ ವಾದ. ಇದು ಸಲ್ಲದು. ನಮ್ಮ ಬಾರು ತೊಗಲಿನ ಪಟ್ಟಿ. ಇಂಗ್ಲಿಷರು ಹಡಗು ಹತ್ತುವ ಮುಂಚಿನಿಂದ ನಮ್ಮ ಎತ್ತುಗಳಿಗೆ ಅದರ ಪರಿಚಯವಿದೆ. ಪಂಡಿತರು ಈ ವ್ಯುತ್ಪತ್ತಿಯನ್ನು ಸಿಎಲ್-9ರ ಒಳಗಿನಿಂದ ಫೋನಿನಲ್ಲಿ ಹೇಳಿದರು ಎಂಬುದನ್ನೂ ವಿದ್ವಾಂಸರು ಗಮನಿಸಬೇಕು.

ಪೋಸ್ಟು, ಪೋಲುಗಳಲ್ಲಿ ಗೋತ್ರವಿಚಾರ ಮುಖ್ಯ. ಕಂಬದ ಪೋಸ್ಟೂ ಅಂಚೆಯ ಪೋಸ್ಟೂ ಒಂದೇ ಹೆಸರಿನವಾದರೂ ಸಗೋತ್ರದವಲ್ಲ. ಅಂಚೆಯದು, ನೌಕರಿಯದು 'ಇಟ್ಟದ್ದು' ಎಂಬರ್ಥದ ಲ್ಯಾಟಿನ್ ಮನೆತನದಿಂದ ಬಂದವು. ಹಾಗಾಗಿ ವರ್ಗಾವಣೆಗಾಗಿ ಅಲೆಯುವವನು "ಒಳ್ಳೆ ಪೋಸ್ಟ್ ಸಿಕ್ತು" ಎಂದರೆ ಕಂಬ ಸಿಕ್ಕಿತೆಂದು ಅರ್ಥವಲ್ಲ. ಆದರೆ ಫೇಸ್‌ಬುಕ್ಕಿನ ಪೋಸ್ಟು ಮಾತ್ರ ಅಪ್ಪಟ ಕಂಬದ ವಂಶ. ಹಿಂದೆ ಪ್ರಕಟಣೆಗಳನ್ನು ಕಂಬಕ್ಕೆ ಬಡಿಯುತ್ತಿದ್ದುದರ ಸಂತತಿ. ಬಾಗಲೂರಿನಲ್ಲಿ ಕಂಬಕ್ಕೆ ಬಡಿಯುವುದೂ ನಿಂತಿಲ್ಲ: ಪಿಜಿ ಖಾಲಿ ಇದೆ, ಬೋರ್‌ವೆಲ್ ಕೊರೆಯಲಾಗುತ್ತದೆ, ಮೂಲವ್ಯಾಧಿಗೆ ಖಚಿತ ಪರಿಹಾರ. ಹಾಗೆಯೇ ಬೆಸ್ಕಾಂನ ಪೋಲಿಗೂ ಚುನಾವಣೆಯ ಪೋಲಿಗೂ ರಕ್ತಸಂಬಂಧವಿಲ್ಲ. ಎರಡನೆಯದು ತಲೆ ಎಂಬ ಅರ್ಥದ ಹಳೆಯ ಮಾತು, ತಲೆಯೆಣಿಕೆ. ನಮ್ಮಲ್ಲಿ ಮೊದಲೇ ಇದ್ದ ಪೋಲು, ಅಂದರೆ ವ್ಯರ್ಥವಾಗಿ ಹರಿದುಹೋಗುವುದು, ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂಬ ಚರ್ಚೆಯನ್ನು ನೀತಿಸಂಹಿತೆ ಜಾರಿಯಲ್ಲಿಲ್ಲದಾಗ ಎತ್ತಿಕೊಳ್ಳೋಣ.

ಮಾಸ್ಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹಡಗಿನ ಪಟಸ್ತಂಭ ಸಮುದ್ರವಿಲ್ಲದ ಊರಿಗೆ ಬಂದು ಹೈಮಾಸ್ಟ್ ದೀಪವಾಗಿದೆ. ಅದರ ಬುಡದ ಉದ್ಘಾಟನಾ ಫಲಕದಲ್ಲಿರುವ ಹೆಸರುಗಳು ಮೇಲಿನ ಬಲ್ಬುಗಳಿಗಿಂತ ಜಾಸ್ತಿ. ಸ್ಟಿಕ್ಕು ನಾನ್‌ಸ್ಟಿಕ್ ಎಂಬ ನಿಷೇಧರೂಪದಲ್ಲಿ ಅಡುಗೆಮನೆ ಸೇರಿದೆ. 'ಕೋಲಲ್ಲದ ತವಾ' ಎಂದು ಟೀಕೆ ಬರೆಯುವ ಆಸೆಯನ್ನು ಅದುಮಿಕೊಳ್ಳಬೇಕು. ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾದ ಹೊತ್ತಿಗೆ ಆಕಾಶದಲ್ಲಿ ಪಲ್ಟಿ ಹೊಡೆಯುವ ಪೈಲಟ್ಟಿನ ಕೈಯಲ್ಲಿರುವುದನ್ನೂ ಸ್ಟಿಕ್ಕು ಎನ್ನುತ್ತಾರೆ. ಅಷ್ಟು ಎತ್ತರಕ್ಕೆ ಈ ಪ್ರಬಂಧದ ವ್ಯಾಪ್ತಿ ಇಲ್ಲ.

ಸ್ಟಾಕು ಮಾತ್ರ ಒಂದು ನಿಮಿಷ ನಿಲ್ಲಿಸುತ್ತದೆ. ಇಂಗ್ಲೆಂಡಿನ ಖಜಾನೆಯಲ್ಲಿ ಸಾಲದ ಲೆಕ್ಕ ಇಡುತ್ತಿದ್ದುದು ಕೋಲಿನ ಮೇಲೆ. ಮೊತ್ತಕ್ಕೆ ತಕ್ಕ ಗಾತ್ರದ ಕಚ್ಚು ಕೆತ್ತಿ, ಉದ್ದಕ್ಕೆ ಸೀಳಿ, ಉದ್ದನೆಯ ತುಂಡನ್ನು ದುಡ್ಡು ಕೊಟ್ಟವನಿಗೆ ಕೊಡುವರು. ಅದರ ಹೆಸರು ಸ್ಟಾಕ್. ಎರಡು ತುಂಡೂ ಕೂಡಿದರೆ ಲೆಕ್ಕ ಸರಿ. ನಮ್ಮ ಚೀಟಿ ವ್ಯವಹಾರದವರಿಗೂ ಇದನ್ನು ಕಲಿಸಬಹುದಿತ್ತು. ಹಳೆಯ ಕೋಲುಗಳು ರಾಶಿ ಬಿದ್ದಾಗ 1834ರ ಅಕ್ಟೋಬರ್ 16ರಂದು ಅವನ್ನು ಪಾರ್ಲಿಮೆಂಟಿನ ಕೆಳಗಿನ ಒಲೆಗಳಿಗೆ ತುಂಬಿ ಸುಡಲು ಹೋದರು. ಸಂಜೆಗೆ ಪಾರ್ಲಿಮೆಂಟೇ ಹೊತ್ತಿ ಉರಿಯಿತು. ಹಳೆಯ ಕಡತ ವಿಲೇವಾರಿ ಎಂಬ ಸರ್ಕಾರಿ ಕಾರ್ಯಕ್ರಮ ಇಷ್ಟು ಪರಿಪೂರ್ಣವಾಗಿ ಇನ್ನೆಲ್ಲೂ ನೆರವೇರಿಲ್ಲ. ಆ ಮಹಾಕೋಲು ಬಾಗಲೂರಿನ ಅಂಗಡಿಗಳಲ್ಲಿ ಬದುಕಿರುವುದು ಒಂದೇ ವಾಕ್ಯದಲ್ಲಿ: "ಸ್ಟಾಕ್ ಇಲ್ಲ."

ಇನ್ನು ರಾಡು, ಇದೇ ಸಿದ್ಧಾಂತ. ಮೇಲ್ನೋಟಕ್ಕೆ ರಾಡಿಗೆ ಇಲ್ಲಿ ಎರಡು ಅರ್ಥ. ಕಟ್ಟಿಗೇನಹಳ್ಳಿಯ ಸುತ್ತಲ ಪಿಜಿಗಳಲ್ಲಿ ಅದು ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ಸುರುಳಿ. "ರಾಡ್ ಹಾಕಿದೀನಿ, ಮುಟ್ಬೇಡ ಮಗಾ" ಎಂಬಲ್ಲಿಯದು. ಕಟ್ಟಡದವರಿಗೆ ಅದು ಟಿಎಂಟಿ ಕಂಬಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ, 12 ಎಂ.ಎಂ. ರಾಡು ಮೀಟರಿಗೆ 0.888 ಕಿಲೋ. ಈ ಸೂತ್ರ ಗೊತ್ತಿಲ್ಲದೆ ಮನೆ ಕಟ್ಟಿಸುವವರನ್ನು ಕಂಡರೆ ಕಂಟ್ರಾಕ್ಟರಿಗೆ ಬಹಳ ಪ್ರೀತಿ. ಅಡ್ವಾನ್ಸ್ ತೆಗೆದುಕೊಂಡು ಅವನು ಕಂಬಿ ಕಿತ್ತರೆ, ಸಿಕ್ಕಿಬಿದ್ದಾಗ ಎಣಿಸುವುದೂ ಕಂಬಿಯನ್ನೇ.

ಆದರೆ ಮೂರನೆಯ ರಾಡೊಂದಿದೆ. ಅದನ್ನು ಬಾಗಲೂರಿನಲ್ಲಿ ಯಾರೂ ಹೆಸರೆತ್ತಿ ಕರೆಯುವುದಿಲ್ಲ, ಊರು ನಡೆಯುವುದು ಮಾತ್ರ ಅದರ ಮೇಲೆಯೇ. ಇಂಗ್ಲೆಂಡಿನಲ್ಲಿ ರಾಡ್, ಪೋಲ್, ಪರ್ಚ್ ಮೂರೂ ಒಂದೇ ಉದ್ದದ ಅಳತೆಗೋಲು: ಐದೂವರೆ ಗಜ, ಅಂದರೆ ಹದಿನಾರೂವರೆ ಅಡಿ. ನಮ್ಮಲ್ಲೂ ಭೂಮಿ ಅಳೆದದ್ದು ಕೋಲಿನಿಂದಲೇ. ಶಾಸನಗಳಲ್ಲಿ ಕೋಲು, ಗಳೆ ಎಂದು ಬರುವುದು ಅದೇ. 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ನಾಲ್ಕು ರಾಡುಗಳನ್ನು ಸೇರಿಸಿ 66 ಅಡಿಯ ಸರಪಳಿ ಮಾಡಿದ. ಕ್ರಿಕೆಟ್ಟಿನ ಪಿಚ್ಚು ಅದೇ ಸರಪಳಿ. ನಮ್ಮ ಕಡೆಯ ರೆವೆನ್ಯೂ ಸರ್ವೆಯವರು ಅದರ ಅರ್ಧವನ್ನು, ಎಂದರೆ ಎರಡು ರಾಡಿನ 33 ಅಡಿಯನ್ನು, ಹಿಡಿದು ಹದಿನಾರು ಆಣೆಗಳಾಗಿ ವಿಂಗಡಿಸಿದರು. ಆ 33ಕ್ಕೆ 33 ಅಡಿಯ ಚೌಕವೇ ಗುಂಟೆ: 1089 ಚದರಡಿ, ನಲವತ್ತು ಸೇರಿದರೆ ಎಕರೆ. ಪಹಣಿಯಲ್ಲಿ, ಆಕಾರಬಂದಿನಲ್ಲಿ, ಪೋಡಿಯಲ್ಲಿ, ಹದ್ದುಬಸ್ತಿನ ಕಲ್ಲಿನ ಬುಡದಲ್ಲಿ ಎಲ್ಲ ಕಡೆಯೂ ಆ ಕೋಲು ಮಲಗಿದೆ. 1956ರ ಕಾನೂನು ಮೀಟರನ್ನು ತಂದಿತು. ಈಗ ಸರ್ವೆಯವರು ಉಪಗ್ರಹದ ಯಂತ್ರ ಹಿಡಿದು ಬರುತ್ತಾರೆ. ಉತ್ತರ ಮಾತ್ರ ಗುಂಟೆಯಲ್ಲೇ ಕೊಡಬೇಕು. ಶ್ರೀಲಂಕಾದವರು ಇವತ್ತಿಗೂ ಸೈಟನ್ನು ಪರ್ಚಿನ ಲೆಕ್ಕದಲ್ಲಿ ಮಾರುತ್ತಾರೆ, ಹೆಸರನ್ನಾದರೂ ಉಳಿಸಿಕೊಂಡಿದ್ದಾರೆ. ಅವರ ನಾಲ್ಕು ಪರ್ಚು ಸರಿಯಾಗಿ ನಮ್ಮ ಒಂದು ಗುಂಟೆ.

ಸಂಸ್ಕೃತದಲ್ಲಿ ದಂಡಾಪೂಪನ್ಯಾಯ ಎಂದೊಂದಿದೆ. ಕೋಲಿಗೆ ಕಜ್ಜಾಯ ಕಟ್ಟಿಟ್ಟಿತ್ತು. ಇಲಿ ಕೋಲನ್ನೇ ತಿಂದಿದೆ ಎಂದಮೇಲೆ ಕಜ್ಜಾಯದ ಗತಿ ಬೇರೆ ಕೇಳಬೇಕಿಲ್ಲ. ಗುಂಟೆ ರಾಡನ್ನು ನುಂಗಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ರಾಗಿ ಹೊಲ, ದ್ರಾಕ್ಷಿ ಚಪ್ಪರಗಳ ಗತಿಯನ್ನು ಹೆಣ್ಣೂರು ಬಾಗಲೂರು ರಸ್ತೆಯ ಎರಡೂ ಬದಿಯ ಲೇಔಟ್ ಕಮಾನುಗಳನ್ನು ನೋಡಿದವರು ಬೇರೆ ಕೇಳಬೇಕಿಲ್ಲ.

ಆ ಕೋಲಿನ ಉದ್ದ ಬಂದದ್ದೆಲ್ಲಿಂದ? ಹದಿನಾರನೆಯ ಶತಮಾನದಲ್ಲಿ ಯಾಕೋಬ್ ಕ್ಯೋಬೆಲ್ ಎಂಬ ಜರ್ಮನ್ ಒಂದು ವಿಧಾನ ಬರೆದಿಟ್ಟಿದ್ದಾನೆ. ಭಾನುವಾರ ಚರ್ಚು ಬಿಟ್ಟಾಗ ಬಾಗಿಲಲ್ಲಿ ಹದಿನಾರು ಗಂಡಸರನ್ನು, ಉದ್ದದವರು ಗಿಡ್ಡದವರು ಎನ್ನದೆ, ಬಂದ ಹಾಗೇ ನಿಲ್ಲಿಸಿ, ಎಡಗಾಲುಗಳನ್ನು ಒಂದರ ಹಿಂದೊಂದು ಇಡಿಸಿದರೆ ಆಗುವ ಉದ್ದವೇ ನ್ಯಾಯವಾದ ರಾಡು. ಇಂಗ್ಲೆಂಡಿನವರ ಆ ಹೆಚ್ಚಿನ ಅರ್ಧ ಅಡಿ ಯಾರದೆಂದು ತಿಳಿಯದು; ಅಲ್ಲೂ ಒತ್ತುವರಿದಾರರಿದ್ದಿರಬೇಕು.

ಇಷ್ಟನ್ನೂ ಬಾಗಲೂರು ಸರ್ಕಲ್ಲಿನ ಟೀ ಅಂಗಡಿಯಲ್ಲಿ ಒಬ್ಬ ಸೈಟು ಬ್ರೋಕರಿಗೆ ವಿವರಿಸಲಾಯಿತು. ಅರ್ಧ ಟೀ ಮುಗಿಯುವವರೆಗೂ ಅವರು ಬಹಳ ಶ್ರದ್ಧೆಯಿಂದ ಕೇಳಿದರು. ಹದಿನಾರು ಎಡಗಾಲಿನ ಕಡೆಗೆ ಬಂದಾಗ ಲೋಟ ಕೆಳಗಿಟ್ಟು, ದನಿ ತಗ್ಗಿಸಿ, "ಅದೆಲ್ಲ ಇರ್ಲಿ ಸಾರ್," ಅಂದರು, "ಆ ಹದಿನಾರು ಜನಾನೂ ರಿಜಿಸ್ಟ್ರೇಷನ್ನಿಗೆ ಬಂದು ಸೈನ್ ಹಾಕ್ತಾರಾ? ನಾಳೆ ಒಬ್ಬನ ಮಗಳು ಬಂದು ಭಾಗ ಕೇಳಿದ್ರೆ ಏನ್ ಮಾಡೋದು?"