ಕಿವಿರು ಗೌಡರು

ಕೊಪ್ಪ ತಾಲೂಕಿನ ಜಯಪುರದ ಸುತ್ತಮುತ್ತ ಕರೆಂಟಿಲ್ಲದ ದಿನಗಳಿರಬಹುದು, ಕಿವಿರು ಗೌಡರಿಲ್ಲದ ಊರಿಲ್ಲ. ಕುಲದಿಂದ ಗೌಡರೇ ಆಗಿರಬೇಕೆಂದೇನೂ ಇಲ್ಲ. ರಿಟೈರಾದ ಮೇಷ್ಟರಾಗಿರಬಹುದು, ಸೊಸೈಟಿಯ ಮಾಜಿ ಡೈರೆಕ್ಟರಾಗಿರಬಹುದು, ಎರಡೆಕರೆ ಅಡಿಕೆಗೆ ಹಳದಿ ಎಲೆ ರೋಗ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಮಾತಾಡಲು ಮಾತ್ರ ವಿಷಯವಿರುವ ಯಾರಾದರೂ ಆಗಿರಬಹುದು. ಗುರುತು ಒಂದೇ. ಮೀನು ಕಣ್ಣಿಗೆ ಬಿದ್ದ ಕೂಡಲೇ ಅವರ ಬಲಗೈ ಹೆಬ್ಬೆರಳು ಯಾರ ಅಪ್ಪಣೆಗೂ ಕಾಯದೆ ಅದರ ಕಿವಿರಿನೊಳಗೆ ಹೋಗಿರುತ್ತದೆ. ಮದುವೆ ಮನೆಯಾಗಲಿ, ಸಂತೆಯಾಗಲಿ, ಬೇರೆಯವರ ಕೈಚೀಲವಾಗಲಿ, ಆ ಹೆಬ್ಬೆರಳಿಗೆ ಭೇದವಿಲ್ಲ. ತಮ್ಮನ ಮಗಳನ್ನು ನೋಡಲು ಬಂದ ಹುಡುಗನ ಕಿವಿಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿದರು ಎಂದು ಊರಲ್ಲಿ ಹೇಳುತ್ತಾರೆ. ಹುಡುಗನನ್ನು ಒಪ್ಪಿದರಂತೆ, ಕೆಂಪಗಿದ್ದ ಅಂತ.

ಬೆಳಿಗ್ಗೆ ಕೆಳಗಿನಿಂದ ಮೀನಿನ ಗಾಡಿ ಹತ್ತಿ ಬರುತ್ತದೆ. ನಮ್ಮಲ್ಲಿ ಕೆಳಗೆ ಅಂದರೆ ಘಟ್ಟದ ಕೆಳಗೆ. ಮಲ್ಪೆಯಲ್ಲೋ ಮಂಗಳೂರಲ್ಲೋ ತುಂಬಿಕೊಂಡು, ಆಗುಂಬೆಯ 14 ತಿರುವುಗಳನ್ನು ಐಸಿನ ನೀರು ಸುರಿಸುತ್ತಾ ಸುತ್ತಿಕೊಂಡು, ಕಾಫಿ ತೋಟಗಳ ನಡುವೆ ಪೋಂ ಪೋಂ ಅನ್ನಿಸುತ್ತಾ ಬರುವ ಆ ಹಾರನ್ನಿಗೆ ಮೊದಲು ಓಡುವುದು ಬೆಕ್ಕುಗಳು, ಎರಡನೆಯವರು ಕಿವಿರು ಗೌಡರು.

“ಎಂತ ಸಾಬ್ರೇ, ಬಂಗಡೆ ಯಾವತ್ತಿಂದು?”

“ಇವತ್ತಿಂದೇ ಗೌಡ್ರೇ. ಬೆಳಗಿನ ಜಾವ ಮಲ್ಪೆಯಿಂದ ತಂದಿದ್ದು.”

“ಮಲ್ಪೆಯಿಂದ ಬಂದಿದ್ದು ಇವತ್ತು. ಮಲ್ಪೆಗೆ ಬಂದಿದ್ದು ಯಾವತ್ತು?”

ಇದು ಉಡಾಫೆ ಪ್ರಶ್ನೆಯಲ್ಲ. ಆಳ ಸಮುದ್ರಕ್ಕೆ ಹೋಗುವ ಬೋಟುಗಳು ವಾರಗಟ್ಟಲೆ ನೀರಿನ ಮೇಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದದ್ದು ಐಸಿನಡಿ ಮಲಗಿ, ಕೊನೆಯ ದಿನ ಬಿದ್ದದ್ದರ ಜೊತೆಗೇ ಹರಾಜಾಗುತ್ತದೆ. ಬಂದರಿಗೆ ಎರಡೂ ಇವತ್ತಿನವೇ. ಹಾಗಾಗಿ ಗೌಡರ ಪ್ರಶ್ನೆ ನೂರಕ್ಕೆ ನೂರು ಸರಿ. ತೊಂದರೆಯೇನೆಂದರೆ, ಉತ್ತರ ಸಿಕ್ಕಿದ ಮೇಲೂ ಅವರು ಪ್ರಶ್ನೆ ಬಿಡುವುದಿಲ್ಲ. ಕಣ್ಣು ಉಬ್ಬಿದೆಯೋ ಕುಳಿ ಬಿದ್ದಿದೆಯೋ ನೋಡುತ್ತಾರೆ. ಬೆನ್ನನ್ನು ಒತ್ತಿ, ಬೆರಳಿನ ಗುಳಿ ಮೇಲೆ ಬರುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ಬೂತಾಯಿಯ ಹೊಟ್ಟೆ ಒಡೆದಿದೆಯೋ ನೋಡುತ್ತಾರೆ. ಕೊನೆಗೆ ಕಿವಿರು. ರಕ್ತಗೆಂಪಿದ್ದರೆ “ಹ್ಞೂಂ”, ಇಟ್ಟಿಗೆ ಬಣ್ಣವಾದರೆ “ಹ್ಞೂಂಹ್ಞೂಂ”, ಕಂದಿದ್ದರೆ ಮಾತೇ ಇಲ್ಲ, ಕೈ ತೊಳೆಯಲು ನೀರು ಕೇಳುತ್ತಾರೆ. ಸಾಬ್ರೂ ಇಷ್ಟು ವರ್ಷ ಘಟ್ಟ ಹತ್ತಿದವರು. ಒಳ್ಳೇ ಕೆಂಪು ಕಿವಿರಿನ ನಾಲ್ಕು ಬಂಗಡೆಗಳನ್ನು ಬುಟ್ಟಿಯ ಮೇಲೆ ಗೌಡರಿಗೆಂದೇ ಇಟ್ಟಿರುತ್ತಾರೆ. ಅವು ಮಾರಾಟಕ್ಕಲ್ಲ, ಪರೀಕ್ಷೆಗೆ. ಅರ್ಧ ಗಂಟೆಯ ತಪಾಸಣೆ ಮುಗಿದು, ಇಪ್ಪತ್ತು ಹೆಂಗಸರು ಹಿಂದೆ ಸಾಲು ನಿಂತು, ಅವರಲ್ಲಿ ಹತ್ತು ಜನ ಗೊಣಗಲು ಶುರುಮಾಡಿದ ಮೇಲೆ ಗೌಡರು ಅರ್ಧ ಕೆಜಿ ಬೂತಾಯಿ ಕಟ್ಟಿಸುತ್ತಾರೆ.

ಇಲ್ಲಿಯವರೆಗೆ ಅವರು ಬರೀ ಪರೀಕ್ಷಕರು. ಮನೆಗೆ ಬಂದ ಮೇಲೆ ಪ್ರಾಧ್ಯಾಪಕರು.

ಗೌಡರ ಸಿದ್ಧಾಂತದ ಸಾರ ಚಿಕ್ಕದು: ಮೀನು ಒಣಗಬಾರದು. ಬಾಯಿಗಿಟ್ಟರೆ ಎಸಳು ಎಸಳಾಗಿ ಬಿಡಬೇಕು, ರಸ ಒಳಗೇ ಇರಬೇಕು. “ಕೋಳಿ ಬೇಯಿಸಿದ ಹಾಗೆ ಮೀನು ಬೇಯಿಸುವವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡಬಾರದು” ಎನ್ನುವವರೆಗೂ ಅವರ ಕಾನೂನು ಜ್ಞಾನ ಹೋಗುತ್ತದೆ. ಮಾತಿನಲ್ಲಿ ಹುರುಳಿದೆ. ನೀರಿನಲ್ಲಿ ತೇಲಿಕೊಂಡೇ ಬದುಕುವ ಮೀನಿಗೆ ಮೈಭಾರ ಹೊರುವ ಕಷ್ಟವಿಲ್ಲ. ಹಾಗಾಗಿ ಮಾಂಸವನ್ನು ಬಿಗಿಯುವ ನಾರು ಅದರಲ್ಲಿ ಕಡಿಮೆ, ಇರುವುದೂ ಸಣ್ಣ ಬಿಸಿಗೇ ಕರಗಿಬಿಡುತ್ತದೆ. 60 ಡಿಗ್ರಿಯ ಆಸುಪಾಸಿಗೆ ಮೀನು ಬೆಂದ ಲೆಕ್ಕ. ಅದರ ಮೇಲೂ ಕಾಯಿಸುತ್ತಾ ಹೋದರೆ ಮಾಂಸ ಮುದುಡಿ, ಒಳಗಿನ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತದೆ. ಬೇಯದ ಮೀನನ್ನು ಮತ್ತೆ ಒಲೆ ಮೇಲಿಡಬಹುದು. ಹೆಚ್ಚು ಬೆಂದದ್ದಕ್ಕೆ ಔಷಧಿಯಿಲ್ಲ.

ಇದನ್ನೆಲ್ಲ ಗೌಡರು ಯಾವಾಗ ಹೇಳುತ್ತಾರೆ ಎಂಬುದೇ ಸಮಸ್ಯೆ. ಮೀನು ಒಲೆಯ ಮೇಲಿರುವಾಗ ಹೇಳುತ್ತಾರೆ. ಕೈಯಲ್ಲಿ ಸಟ್ಟುಗ, ಕಾವಲಿಯಲ್ಲಿ ಬೂತಾಯಿ, ಎದುರಿಗೆ ಕಾಫಿಗೆ ಬಂದು ಸಿಕ್ಕಿಹಾಕಿಕೊಂಡ ನೆಂಟ. ಮೀನನ್ನು ಹೆಚ್ಚು ಬೇಯಿಸಬಾರದು ಎಂಬ ವಿಷಯದ ಮೇಲೆ ಅವರ ಭಾಷಣ ಮುಗಿಯುವ ಹೊತ್ತಿಗೆ ಮೀನು ಬೆಂದು, ಒಣಗಿ, ಅಂಚು ಕರಿದಾಗಿ, ಭಾಷಣಕ್ಕೆ ಉದಾಹರಣೆಯಾಗಿ ನಿಂತಿರಬೇಕು.

ಆದರೆ ಹಾಗಾಗುವುದಿಲ್ಲ. ಕಿವಿರು ಗೌಡರ ಮನೆಯ ಮೀನು ಜಯಪುರದ ಸುತ್ತಲೂ ಹೆಸರುವಾಸಿ. ಕಾರಣ ಗೌಡ್ತಿಯಮ್ಮ. ಅವರು ಗಡಿಯಾರ ನೋಡುವುದಿಲ್ಲ, ಭಾಷಣ ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಅದರ ಒಂದು ವಾಕ್ಯವೂ ಹಿಂದೆ ಮುಂದೆ ಆಗಿಲ್ಲವಾದ್ದರಿಂದ ಅದಕ್ಕಿಂತ ನಿಖರವಾದ ಗಡಿಯಾರ ಆ ಮನೆಯಲ್ಲಿಲ್ಲ. ಗೌಡರು ಮಲ್ಪೆ ಬಂದರಿನಿಂದ ಶುರುಮಾಡುತ್ತಾರೆ. ಬೂತಾಯಿ ಕಾವಲಿಗೆ ಬೀಳುತ್ತದೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವವರೆಗೆ ಅದನ್ನು ಮುಟ್ಟುವಂತಿಲ್ಲ; ಅಡಿ ಹಿಡಿದ ಮೀನು ಮೈ ಗರಿಯಾದ ಮೇಲೆ ತಾನಾಗಿಯೇ ಬಿಡುತ್ತದೆ, ಅವಸರಪಟ್ಟರೆ ಚರ್ಮ ಕಾವಲಿಗೆ, ಮುಳ್ಳು ತಟ್ಟೆಗೆ. ಘಟ್ಟ ಹತ್ತಿದ ಮೇಲೆ ಮಾತು ಹೇಗೋ ಕುವೆಂಪು ಕಡೆ ಹೊರಳುತ್ತದೆ. 1904ರಲ್ಲಿ ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಆದರೂ ಜನ ಕುಪ್ಪಳಿ ಕುಪ್ಪಳಿ ಅನ್ನುವುದೇ ಹೆಚ್ಚು, ತೀರ್ಥಹಳ್ಳಿಯವರು ನಮ್ಮ ಕವಿಯನ್ನು ಹೊಡೆದುಕೊಂಡು ಹೋದರು ಎಂಬ ಹಳೇ ಸಂಕಟ. ಆಗ ಗೌಡ್ತಿಯಮ್ಮ ಸಟ್ಟುಗವನ್ನು ಗಂಡನ ಕೈಯಿಂದ ತೆಗೆದುಕೊಂಡು ಮೀನು ಮಗುಚುತ್ತಾರೆ. ಗೌಡರು ನರಸಿಂಹರಾಜಪುರಕ್ಕೆ ಬಂದು, “ಆ ಊರಿನ ನಿಜವಾದ ಹೆಸರು ಎಡೇಹಳ್ಳಿ, ತಿಳ್ಕೋ” ಎಂದು ನೆಂಟನ ಕಡೆ ಬೆರಳು ತೋರಿಸುವಷ್ಟರಲ್ಲಿ ಒಲೆ ಆರಿರುತ್ತದೆ.

“ಆಯ್ತಾ?” ಎಂದು ಗೌಡರು ಕಾವಲಿ ನೋಡುತ್ತಾರೆ. “ನೋಡು, ನಾನು ಹೇಳಿದ ಹಾಗೇ ಬಂತು.”

ಗೌಡ್ತಿಯಮ್ಮ ನಿಜವಾಗಿ ಮಾಡುವುದನ್ನು ಬರೆದರೆ ಅರ್ಧ ಪುಟ ಆಗುವುದಿಲ್ಲ. ತೊಳೆದ ಮೀನಿನ ನೀರನ್ನು ಚೆನ್ನಾಗಿ ಬಸಿಯುತ್ತಾರೆ. ಒದ್ದೆ ಮೀನು ಹುರಿಯುವುದಿಲ್ಲ, ಬೇಯುತ್ತದೆ. ಉಪ್ಪು, ಅರಿಶಿನ, ಖಾರದ ಪುಡಿ, ಬೆಳ್ಳುಳ್ಳಿ ಜಜ್ಜಿ ಹಚ್ಚಿ ಕಾಲು ಗಂಟೆ ಬಿಡುತ್ತಾರೆ. ನಿಂಬೆರಸ ಬೀಳುವುದು ಕೊನೆಗೆ, ತಟ್ಟೆಗೆ ಬಡಿಸುವಾಗ. ಬೆಳಿಗ್ಗೆಯೇ ಹುಳಿ ಹಿಂಡಿ ಮಧ್ಯಾಹ್ನದವರೆಗೆ ಇಟ್ಟರೆ ಒಲೆಗೆ ಹೋಗುವ ಮೊದಲೇ ಮೀನು ಹುಳಿಯಲ್ಲಿ ಬೆಂದು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕಾವಲಿ ಮೊದಲು ಕಾಯಬೇಕು, ಎಣ್ಣೆ ಆಮೇಲೆ, ಮೀನು ಕೊನೆಗೆ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯಾದರೆ ಎಣ್ಣೆ ತೋರಿಸಿದರೆ ಸಾಕು, ಅದರ ಮೈಯಲ್ಲೇ ಬೇಕಾದಷ್ಟಿರುತ್ತದೆ.

ಮೀನು ಸಾರಿನಲ್ಲೂ ಅದೇ ನಿಯಮ. ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಒಣಮೆಣಸು ಹುರಿದು ಕಾಯಿಯ ಜೊತೆ ರುಬ್ಬಿದ ಮಸಾಲೆ ಮೊದಲು ಚೆನ್ನಾಗಿ ಕುದಿದು, ಹಸಿ ವಾಸನೆ ಹೋಗಿ, ಹುಳಿ ಹಿಡಿಯಬೇಕು. ಮೀನು ಕಟ್ಟಕಡೆಗೆ. ಅದು ಬಿದ್ದ ಮೇಲೆ ಸೌಟು ಒಳಗೆ ಹೋಗುವಂತಿಲ್ಲ. ಬಟ್ಟೆಯಲ್ಲಿ ಪಾತ್ರೆಯ ಎರಡೂ ಕಡೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಎರಡು ಕುದಿ ಬಂದ ಮೇಲೆ ಇಳಿಸಿ ಮುಚ್ಚಿಟ್ಟರೆ ಉಳಿದದ್ದನ್ನು ಸಾರಿನ ಬಿಸಿಯೇ ನೋಡಿಕೊಳ್ಳುತ್ತದೆ.

ಹುಳಿಯ ವಿಷಯದಲ್ಲಿ ಮಾತ್ರ ಗೌಡರ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಘಟ್ಟದ ಕೆಳಗೆ ಹುಣಸೆಹಣ್ಣು ಹಾಕುವಲ್ಲಿ ನಮ್ಮ ಕಡೆ ವಾಟೆಹುಳಿಯೋ ಉಪ್ಪಾಗೆಯೋ ಬೀಳುತ್ತದೆ. ಭದ್ರಾ ಹಿನ್ನೀರಿನ ಕಾಟ್ಲಾ ತಂದ ದಿನ ಗೌಡರು ವಾಟೆಹುಳಿಯ ಡಬ್ಬಿಯನ್ನು ತಾವೇ ಅಟ್ಟದಿಂದ ಇಳಿಸುತ್ತಾರೆ. ಹಿನ್ನೀರಿನ ಮೀನಿಗೆ ಮಣ್ಣಿನ ವಾಸನೆ. ಆ ವಾಸನೆಯ ವಸ್ತುವಿಗೆ ವಿಜ್ಞಾನಿಗಳು ಜಿಯೋಸ್ಮಿನ್ ಎನ್ನುತ್ತಾರೆ. ಮೊದಲ ಮಳೆಗೆ ನೆಲದಿಂದ ಏಳುವ ಘಮವೂ ಅದರದೇ. ನೆಲದಿಂದ ಬಂದರೆ ಕವಿತೆ, ಕಾಟ್ಲಾದಿಂದ ಬಂದರೆ ಜಗಳ. ಹುಳಿಗೆ ಸಿಕ್ಕಿದರೆ ಅದು ಒಡೆದುಹೋಗುತ್ತದೆ. ಸಮುದ್ರದ ಮೀನು ಹಳತಾಗುತ್ತಾ ಬರುವ ನಾತಕ್ಕೂ ಹುಳಿಯೇ ಮದ್ದು. ಗೌಡರಿಗೆ ಜಿಯೋಸ್ಮಿನ್ ಗೊತ್ತಿಲ್ಲ, ಗೊತ್ತಾಗದಿರುವುದೇ ಕ್ಷೇಮ. ಗೊತ್ತಾದರೆ ಭಾಷಣಕ್ಕೆ ಇನ್ನೊಂದು ಕಂತು ಸೇರಿ ಗೌಡ್ತಿಯಮ್ಮನ ಲೆಕ್ಕವೆಲ್ಲ ತಪ್ಪುತ್ತದೆ.

ರವೆಯ ವಿಷಯದಲ್ಲಿ ಗೌಡರದು ಹಟ. “ರವೆ ಹಚ್ಚುವುದು ಮೀನಿನ ವಯಸ್ಸು ಮುಚ್ಚಿಡೋದಕ್ಕೆ” ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಾಣೆಯಂಥ ನಾಜೂಕು ಮೀನಿಗೆ ಕಾವಲಿಯ ಬಿಸಿ ನೇರವಾಗಿ ತಾಗದಂತೆ ರವೆ ಕಾಯುತ್ತದೆ. ಹೊರಗೆ ಗರಿಗರಿ, ಒಳಗೆ ರಸ. ಉಡುಪಿ, ಕುಂದಾಪುರದವರು ದಡ್ಡರಲ್ಲ. ಆದರೆ ಇದನ್ನು ಗೌಡರ ಎದುರಿಗೆ ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಮಗಳು ರಜೆಗೆ ಬಂದಾಗ ಅವರ ಪಾಂಡಿತ್ಯಕ್ಕೆ ನಿಜವಾದ ಪರೀಕ್ಷೆ. ಅವಳು ತಂದದ್ದು ಮುಳ್ಳು ತೆಗೆದ, ಚರ್ಮ ಸುಲಿದ, ತಲೆಯಿಲ್ಲದ ಬಿಳಿ ತುಂಡುಗಳು. ಗೌಡರು ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿದರು. ಹೆಬ್ಬೆರಳಿಗೆ ಹೋಗಲು ಜಾಗವಿಲ್ಲ.

“ಇದರ ಕಿವಿರು ಎಲ್ಲಿ ಮಗಾ?”

“ಕಿವಿರು ಇರಲ್ಲ ಅಪ್ಪಾ. ಫಿಲೆ ಇದು.”

“ಕಿವಿರಿಲ್ಲದೆ ಇದು ಬದುಕಿದ್ದು ಹೇಗೆ?”

ಮಗಳು ಅದನ್ನು ಉಪ್ಪು, ಕಾಳುಮೆಣಸಿನ ಪುಡಿ, ನಿಂಬೆ ಹೋಳು, ಬೆಳ್ಳುಳ್ಳಿಯ ಜೊತೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಒವೆನ್ನಿನಲ್ಲಿಟ್ಟಳು. ಫ್ರೆಂಚರ ಪದ್ಧತಿ, ಮೀನು ತನ್ನ ಹಬೆಯಲ್ಲೇ ಬೇಯುತ್ತದೆ, ರಸ ಎಲ್ಲಿಗೂ ಹೋಗುವುದಿಲ್ಲ ಎಂದು ವಿವರಿಸಿದಳು. ಗೌಡರು ತಿಂದರು. ಚೆನ್ನಾಗಿತ್ತು. ಚೆನ್ನಾಗಿರುವುದೇ ಅವರಿಗೆ ಕಷ್ಟವಾಯಿತು. ಮರುದಿನ ತೋಟದಿಂದ ಬಾಳೆ ಎಲೆ ಕಡಿದು, ಕೆಂಡಕ್ಕೆ ಹಿಡಿದು ಬಾಡಿಸಿ, ಎರಡು ಬಂಗಡೆಗೆ ಸೂಜಿಮೆಣಸು, ಉಪ್ಪು, ಶುಂಠಿ ಅರೆದು ಮೆತ್ತಿ, ಎಲೆಯಲ್ಲಿ ಸುತ್ತಿ ಬಚ್ಚಲ ಒಲೆಯ ಕೆಂಡದಲ್ಲಿ ಹೂತರು. ಬಿಚ್ಚಿದಾಗ ಎದ್ದ ಹಬೆಗೆ ಮಗಳೂ ತಟ್ಟೆ ಹಿಡಿದು ಬಂದಳು.

“ಫ್ರೆಂಚರಿಗೆ ಇದನ್ನು ಕಲಿಸಿದ್ದು ಯಾರು?” ಎಂದು ಗೌಡರು ಕೇಳಿದರು. “ನಮ್ಮ ಅಜ್ಜಿ.”

ಅಜ್ಜಿ ಶೃಂಗೇರಿ ದಾಟಿ ಆಚೆಗೆ ಹೋದವರಲ್ಲ. ಪಾರ್ಸಿಗಳು ಹಸಿರು ಚಟ್ನಿ ಮೆತ್ತಿ ಬಾಳೆ ಎಲೆಯಲ್ಲಿ ಬೇಯಿಸುತ್ತಾರೆ, ಬಂಗಾಳಿಗಳು ಸಾಸಿವೆ ಅರೆದು ಹಚ್ಚಿ ಬೇಯಿಸುತ್ತಾರೆ, ಕೇರಳದವರು ಎಲೆಯಲ್ಲಿ ಕಟ್ಟಿ ಪೊಳ್ಳಿಚ್ಚದ್ ಎನ್ನುತ್ತಾರೆ. ಮಗಳು ಇದನ್ನೆಲ್ಲ ಒಂದೊಂದಾಗಿ ಹೇಳಿದಳು. ಗೌಡರು ಒಂದೊಂದನ್ನೂ ಅಜ್ಜಿಯ ಖಾತೆಗೆ ಬರೆದುಕೊಂಡರು.

ಶೃಂಗೇರಿ ಅಂದೆನಲ್ಲ, ಅಲ್ಲಿ ಗೌಡರ ಸ್ಥಿತಿ ನೋಡಬೇಕು. ಶಾರದಾಂಬೆಯ ದರ್ಶನ ಮುಗಿಸಿ ತುಂಗೆಯ ಮೆಟ್ಟಿಲಿಳಿದರೆ ಮೊಣಕೈ ಉದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಕಾಲ ಬುಡಕ್ಕೇ ಬರುತ್ತವೆ. ಅವು ದೇವರ ಮೀನು, ಮುಟ್ಟುವಂತಿಲ್ಲ. ಗೌಡರು ಭಕ್ತಿಯಿಂದಲೇ ಮಂಡಕ್ಕಿ ಹಾಕುತ್ತಾರೆ. ಎಡಗೈಯಲ್ಲಿ. ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಮಡಚಿಟ್ಟುಕೊಂಡಿರುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ. ಗಾಡಿಯ ಹಾರನ್ ಅಪರೂಪವಾಗುತ್ತದೆ, ಬಂದದ್ದಕ್ಕೂ ಬೆಲೆ ಕೇಳಿದರೆ ಗೌಡರು ಕಿವಿರು ನೋಡದೆ ಹಿಂದಿರುಗುತ್ತಾರೆ. ಆಗ ಮನೆಯಲ್ಲಿ ಒಣಮೀನು, ಸಿಗಡಿ ಚಟ್ನಿ. ಒಣಮೀನಿಗೆ ನೋಡಲು ಕಿವಿರಿಲ್ಲ, ಒಣಗಬಾರದೆಂಬ ಉಪದೇಶವೂ ಹೊಂದುವುದಿಲ್ಲ. ಆ ಎರಡು ತಿಂಗಳು ಗೌಡರು ಜಗಲಿಯಲ್ಲಿ ಕೂತು, ಹಿಂದಿನ ಕಾಲದ ಹತ್ತುಮೀನಿನ ಕಥೆ ಹೇಳುತ್ತಾರೆ. ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತಿದ್ದ ರಾತ್ರಿಗಳು, ದೊಂದಿ, ಕೂಳಿ, ಕತ್ತಿ. ಪ್ರತಿ ವರ್ಷದ ಮಳೆಗೂ ಆ ಕಥೆಯಲ್ಲಿ ಗೌಡರು ಹಿಡಿದ ಮುರುಗೋಡು ಮೀನು ಒಂದೊಂದು ಗೇಣು ಬೆಳೆದು, ಈಗ ಹೆಚ್ಚುಕಮ್ಮಿ ಗೌಡರಷ್ಟೇ ಎತ್ತರವಿದೆ. ಗೌಡ್ತಿಯಮ್ಮ ಒಳಗೆ ಆ ಕಥೆ ಕೇಳುತ್ತಾ ಕಡುಬು ಬೇಯಿಸುತ್ತಾರೆ. ಅದಕ್ಕೆ ಹೆಚ್ಚು ಹೊತ್ತು ಬೇಕು, ಕಥೆಯೂ ಉದ್ದವಿದೆ.

ಜಯಪುರದ ಕಡೆ ಬಂದರೆ ಕಿವಿರು ಗೌಡರು ನಿಮ್ಮನ್ನೂ ಊಟಕ್ಕೆ ಎಳೆದುಕೊಂಡು ಹೋಗುತ್ತಾರೆ. ಸಂಕೋಚಪಡದೆ ಹೋಗಿ, ಇಷ್ಟು ಒಳ್ಳೆಯ ಮೀನು ನಿಮಗೆ ಹೋಟೆಲಿನಲ್ಲಿ ಸಿಗುವುದಿಲ್ಲ. ಒಂದೇ ಬಿನ್ನಹ: ಕಾವಲಿ ಒಲೆಯ ಮೇಲಿರುವಾಗ ಗೌಡರಿಗೆ ಪ್ರಶ್ನೆ ಕೇಳಬೇಡಿ, ನಡುವೆ ಬಾಯಿ ಹಾಕಬೇಡಿ, ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲವೇ ಎಂದು ಮಾತ್ರ ಖಂಡಿತ ಅನ್ನಬೇಡಿ. ಭಾಷಣ ದಾರಿ ತಪ್ಪಿದರೆ ಗೌಡ್ತಿಯಮ್ಮನಿಗೆ ಮೀನು ಮಗುಚುವ ಹೊತ್ತು ತಿಳಿಯುವುದಿಲ್ಲ.